ಗಂಡನನ್ನು ಕೇಳದೆ ಹಚ್ಚಿಕೊಳ್ಳುವ ಔಷಧಿ: ಯಾದಗಿರಿಯ ಒಂದು ಪ್ರಕರಣ

2024ರ ಜನವರಿಯಲ್ಲಿ, ಎಳ್ಳಮಾವಾಸ್ಯೆಯ ಮರುವಾರ, ಆಕೆ ನಮ್ಮ ಎಚ್‌ಐವಿ ಆಪ್ತ ಸಮಾಲೋಚನಾ ಕೇಂದ್ರಕ್ಕೆ ಬಂದಳು. ಊರು ಯಾದಗಿರಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯಲ್ಲಿದೆ. ವಯಸ್ಸು 26, ಐದು ವರ್ಷದ ಒಬ್ಬ ಮಗಳು, ತೊಗರಿ ಮತ್ತು ಜೋಳ ಬೆಳೆಯುವ ಎರಡು ಎಕರೆ ಒಣಭೂಮಿ. ಗಂಡ ವರ್ಷದ ಹೆಚ್ಚಿನ ಕಾಲ ಪುಣೆಗೆ ಗುಳೆ ಹೋಗಿ ಕಟ್ಟಡ ಕೆಲಸ ಮಾಡುತ್ತಾನೆ. ಹಬ್ಬಕ್ಕೆ, ರಾಶಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಬರುತ್ತಾನೆ.

ಎರಡು ವರ್ಷದ ಹಿಂದೆ ಅವನಿಗೆ ಪುಣೆಯಲ್ಲಿ ಕ್ಷಯ ತಗುಲಿತ್ತು. ಕ್ಷಯ ರೋಗಿಗಳಿಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡುವುದು ನಮ್ಮ ದೇಶದಲ್ಲಿ ರೂಢಿ. ಸೋಂಕು ಇರುವುದು ಹಾಗೆ ತಿಳಿಯಿತು. ಕ್ಷಯ ವಾಸಿಯಾಯಿತು, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆಗಳೂ ಶುರುವಾದವು. ಮುಂದೆ ಕೆಲಸದ ಜಾಗ ಬದಲಾದಾಗ ಗುಳಿಗೆ ನಿಂತಿತು. ಮೈಯಲ್ಲಿ ಶಕ್ತಿ ಇತ್ತು, ಹಾಗಾಗಿ ಬೇನೆ ಹೋಗಿದೆ ಎಂದು ಅವನು ತಿಳಿದುಕೊಂಡ. ಹೆಂಡತಿಗೆ ಈ ವಿಷಯ ಹೇಳಿದ್ದು ಎಳ್ಳಮಾವಾಸ್ಯೆಯ ರಾತ್ರಿ, ಹೊಲದಲ್ಲಿ ಚರಗ ಚೆಲ್ಲಿ ಮನೆಗೆ ಬಂದ ಮೇಲೆ. ಹೇಳಿದ ಎಂಬುದೇ ದೊಡ್ಡ ಮಾತು. ಹೇಳದೆಯೇ ವರ್ಷಗಟ್ಟಲೆ ಇರುವವರನ್ನು ನಾನು ನೋಡಿದ್ದೇನೆ.

ಆಕೆಯ ರಕ್ತದಲ್ಲಿ ಸೋಂಕು ಕಂಡುಬರಲಿಲ್ಲ. ಹೊಸದಾಗಿ ತಗುಲಿದ ಸೋಂಕು ಪರೀಕ್ಷೆಗೆ ಸಿಗಲು ಕೆಲವು ವಾರಗಳು ಬೇಕು, ಹಾಗಾಗಿ ಮತ್ತೆ ಬರಬೇಕು ಎಂದು ಹೇಳಿ ಕಾಂಡೋಮ್ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟೆ. ಆಕೆ ಅವನ್ನು ಮುಟ್ಟಲಿಲ್ಲ.

“ಅಕ್ಕಾವರೇ, ಇದು ಅವರ ಕೈಯಲ್ಲಿರುವ ಸಾಮಾನು. ಅವರು ಮನಸ್ಸು ಮಾಡಿದರೆ ಉಂಟು, ಮಾಡದಿದ್ದರೆ ಇಲ್ಲ. ಅವರನ್ನು ಕೇಳದೆ ನಾನೇ ಹಚ್ಚಿಕೊಳ್ಳುವಂಥ ಔಷಧಿ ಏನಾದರೂ ಇದ್ದರೆ ಕೊಡಿರಿ. ಆದರೆ ಅದು ಬಸಿರು ತಡೆಯುವಂಥದ್ದು ಆಗಿರಬಾರದು. ಅತ್ತೆಗೆ ಇನ್ನೊಂದು ಮೊಮ್ಮಗು ಬೇಕು. ನನಗೂ ಬೇಕು.”

“ಅಂಥದ್ದು ಇಲ್ಲ ತಂಗಿ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ. ಹೊರಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಆ ಉತ್ತರ ಸುಳ್ಳಾಗಿರಲಿಲ್ಲ, ಆದರೆ ಅರ್ಧವಾಗಿತ್ತು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಈಕೆ ಕೇಳಿದ ಮಾತನ್ನೇ 1990ರಲ್ಲಿ ಝೀನಾ ಸ್ಟೈನ್ ಎಂಬ ಸಾಂಕ್ರಾಮಿಕ ರೋಗತಜ್ಞೆ ವೈದ್ಯಲೋಕದ ಮುಂದಿಟ್ಟಿದ್ದರು: ಹೆಣ್ಣು ತಾನೇ ಬಳಸಬಹುದಾದ, ಗಂಡಿನ ಒಪ್ಪಿಗೆಗೆ ಕಾಯದ ಒಂದು ತಡೆ ಬೇಕು. ಅಂದಿನಿಂದ ಹುಡುಕಿಕೊಂಡು ಬಂದ ಆ ಔಷಧಿಗೆ ಮೈಕ್ರೋಬಿಸೈಡ್ ಎಂದು ಹೆಸರು. ಯೋನಿಯೊಳಗೆ ಹಚ್ಚುವ ಜೆಲ್ ಅಥವಾ ಇಟ್ಟುಕೊಳ್ಳುವ ಉಂಗುರ ಸೋಂಕು ಒಳಹೋಗುವ ಬಾಗಿಲಲ್ಲೇ ಅದನ್ನು ತಡೆಯಬೇಕು ಎಂಬುದು ಅದರ ಆಶಯ. ಎರಡನೆಯ ಭೇಟಿಯಲ್ಲಿ ಬಾಗಿಲು ಹಾಕಿಕೊಂಡು, ಒಂದು ಗಂಟೆ ಕುಳಿತು ಆಕೆಗೆ ಈ ಕತೆಯನ್ನೆಲ್ಲ ಹೇಳಿದೆ. ಈ ಪ್ರಕರಣವನ್ನು ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಆ ಮನೆ

ಔಷಧಿಯ ವಿಷಯಕ್ಕೆ ಹೋಗುವ ಮೊದಲು ಆಕೆಯ ಮನೆ ಹೇಗಿದೆ ಎಂದು ಕೇಳಿ ತಿಳಿದುಕೊಂಡೆ. ಒಂದೇ ಕೋಣೆ, ಮುಂದೆ ಪಡಸಾಲೆ. ರಾತ್ರಿ ನಡುವೆ ಒಂದು ಹಳೆಯ ಸೀರೆ ಕಟ್ಟುತ್ತಾರೆ. ಆ ಕಡೆ ಅತ್ತೆ ಮತ್ತು ಮಗಳು, ಈ ಕಡೆ ಇವರಿಬ್ಬರು. ಬಚ್ಚಲು ಹೊರಗಿದೆ, ಅದಕ್ಕೆ ಚಿಲಕವಿಲ್ಲ. ಟ್ರಂಕಿನ ಬೀಗದ ಕೈ ಅತ್ತೆಯ ಸೊಂಟದಲ್ಲಿರುತ್ತದೆ. “ನನ್ನದು ಅಂತ ಮುಚ್ಚಿಡಲಿಕ್ಕೆ ಜೋಳದ ಡಬ್ಬಿಯ ತಳ ಬಿಟ್ಟರೆ ಬೇರೆ ಜಾಗವಿಲ್ಲ” ಎಂದಳು. ಮಗಳು ಹುಟ್ಟಿದ ಮೇಲೆ ಎರಡು ವರ್ಷ ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು ಹಾಕಿಸಿಕೊಂಡಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಬಸಿರು ಮುಂದೂಡಲು ಸರ್ಕಾರವೇ ಅಂಥದ್ದೊಂದನ್ನು ಕೊಟ್ಟಿರುವಾಗ ಈ ಬೇನೆಗೂ ಇರಲೇಬೇಕು ಎಂಬುದು ಆಕೆಯ ತರ್ಕ. ಆ ತರ್ಕದಲ್ಲಿ ಯಾವ ತಪ್ಪೂ ಇಲ್ಲ.

ಅದೇ ದಿನ ಇನ್ನೊಂದು ಸಂಗತಿ ಹೊರಬಿತ್ತು, ಮತ್ತು ನಾನು ಬೆಚ್ಚಿದೆ. ಗಂಡ ವಿಷಯ ಹೇಳಿದಂದಿನಿಂದ ಆಕೆ ಪ್ರತಿ ಸಲವೂ ಕೂಡಿದ ಮೇಲೆ ಬೇವಿನೆಲೆ ಕುದಿಸಿದ ನೀರಿಗೆ ಗಾಯ ತೊಳೆಯುವ ದ್ರಾವಣ ಬೆರೆಸಿ ಒಳಗೆಲ್ಲ ತೊಳೆದುಕೊಳ್ಳುತ್ತಿದ್ದಳು. ಉರಿಯುತ್ತಿತ್ತಂತೆ. ಉರಿದರೆ ಔಷಧಿ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ.

ಹಾಲಿಗೆ ಹೆಪ್ಪು ಹಾಕಿದಾಗ ಅದನ್ನು ಮೊಸರಾಗಿಸುವ ಸೂಕ್ಷ್ಮಜೀವಿಗಳ ಬಳಗದವೇ ಯೋನಿಯಲ್ಲೂ ವಾಸಿಸುತ್ತವೆ. ಅಲ್ಲಿ ಹುಳಿಯ ಗುಣ ಉಳಿಸುವುದು ಅವು, ಮತ್ತು ಆ ಹುಳಿಯೇ ಹೆಣ್ಣಿನ ಮೈ ತಾನಾಗಿ ಕಟ್ಟಿಕೊಂಡ ಬೇಲಿ. ಉರಿಯುವ ದ್ರಾವಣ ಹಾಕಿ ತೊಳೆದರೆ ಮೊದಲು ಸಾಯುವುದು ಕಾವಲಿನ ಆ ಜೀವಿಗಳು. ಜೊತೆಗೆ ಒಳಚರ್ಮ ಸುಲಿಯುತ್ತದೆ, ಸುಲಿದ ಜಾಗದಲ್ಲಿ ವೈರಸ್ಸಿಗೆ ದಾರಿ ಇನ್ನೂ ಸಲೀಸು. ಇದನ್ನು ಆಕೆಗೆ ಹೇಳಿದಾಗ ಬಹಳ ಹೊತ್ತು ಸುಮ್ಮನೆ ಕುಳಿತಳು. ತನ್ನನ್ನು ಕಾಪಾಡಿಕೊಳ್ಳಲು ಪಟ್ಟ ಪಾಡೇ ತನಗೆ ಮುಳುವಾಗಬಹುದಿತ್ತು ಎಂದು ತಿಳಿದಾಗಿನ ಮೌನ ಅದು.

ವಿಜ್ಞಾನಿಗಳೂ ಇದೇ ದಾರಿಯಲ್ಲಿ ಎಡವಿದ್ದಾರೆ. ನಾನ್ಆಕ್ಸಿನಾಲ್-9 ಎಂಬ ವೀರ್ಯನಾಶಕ ಸೋಪಿನಂತೆ ಕೆಲಸ ಮಾಡುತ್ತದೆ. ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಅದು ಎಚ್‌ಐವಿಯ ಹೊರಪೊರೆಯನ್ನೂ ಕರಗಿಸುತ್ತಿತ್ತು. ಬೆನಿನ್, ಐವರಿ ಕೋಸ್ಟ್, ದಕ್ಷಿಣ ಆಫ್ರಿಕಾ ಮತ್ತು ಥಾಯ್ಲೆಂಡ್‌ನ ಲೈಂಗಿಕ ಕಾರ್ಯಕರ್ತೆಯರ ನಡುವೆ ಅದರ ಜೆಲ್ಲಿನ ಪ್ರಯೋಗ ನಡೆಯಿತು. 2000ದ ಜುಲೈಯಲ್ಲಿ ಡರ್ಬನ್‌ನಲ್ಲಿ ಫಲಿತಾಂಶ ಹೊರಬಂದಾಗ ಜೆಲ್ ಬಳಸಿದವರಲ್ಲೇ ಸೋಂಕು ಸುಮಾರು ಒಂದೂವರೆ ಪಟ್ಟು ಇತ್ತು. ಕೊಳವೆಯಲ್ಲಿ ವೈರಸ್ಸನ್ನು ಕೊಂದ ವಸ್ತು ಮೈಯಲ್ಲಿ ಚರ್ಮವನ್ನು ಗಾಯಗೊಳಿಸಿತ್ತು.

ಬೇವಿನ ಮೇಲಿನ ನಂಬಿಕೆಯನ್ನೂ ನಾನು ಹಳಿಯಲಿಲ್ಲ. ಬೇವು, ಅಂಟುವಾಳದ ಸತ್ವ ಮತ್ತು ಪುದೀನ ಜಾತಿಯ ಎಣ್ಣೆ ಸೇರಿಸಿದ ಪ್ರನೀಮ್ ಎಂಬ ಯೋನಿ ಗುಳಿಗೆಯನ್ನು ನಮ್ಮ ದೇಶದಲ್ಲೇ ರೂಪಿಸಿದ್ದರು. ಪುಣೆಯಲ್ಲಿ ಮಹಿಳೆಯರ ಮೇಲೆ ಅದರ ಸುರಕ್ಷತೆಯ ಪರೀಕ್ಷೆಯೂ ನಡೆದಿತ್ತು. ಆದರೆ ಸುರಕ್ಷಿತವೇ ಎಂದು ನೋಡುವುದು ಬೇರೆ, ಸೋಂಕು ತಡೆಯುತ್ತದೆ ಎಂದು ಸಾಬೀತು ಮಾಡುವುದು ಬೇರೆ. ಆ ಎರಡನೆಯ ಮೆಟ್ಟಿಲನ್ನು ಅದು ಹತ್ತಲಿಲ್ಲ. ಹಿತ್ತಲ ಬೇವಿನ ನೀರಂತೂ ಆ ಗುಳಿಗೆಯೂ ಅಲ್ಲ.

ಬಾಗಲಕೋಟೆಯ ಹೆಣ್ಣುಮಕ್ಕಳು

“ಇದನ್ನೆಲ್ಲ ನಮ್ಮ ಕಡೆಯ ಹೆಂಗಸರು ಯಾರಾದರೂ ಹಚ್ಚಿ ನೋಡಿದ್ದಾರೆಯೇ?” ಎಂದು ಕೇಳಿದಳು. ನೋಡಿದ್ದಾರೆ, ಮತ್ತು ಅದು ನಮ್ಮ ಜನಕ್ಕೆ ಗೊತ್ತೇ ಇಲ್ಲ. ಸೆಲ್ಯುಲೋಸ್ ಸಲ್ಫೇಟ್ ಎಂಬ ಜೆಲ್ಲಿನ ಮೂರನೆಯ ಹಂತದ, ಅಂದರೆ ಸೋಂಕು ತಡೆಯುತ್ತದೆಯೇ ಎಂದು ನೋಡುವ ದೊಡ್ಡ ಪ್ರಯೋಗ ಆಫ್ರಿಕಾದ ಮೂರು ಕೇಂದ್ರಗಳ ಜೊತೆಗೆ ಭಾರತದ ಎರಡು ಕಡೆ ನಡೆಯಿತು. ಒಂದು ಚೆನ್ನೈ, ಇನ್ನೊಂದು ಬಾಗಲಕೋಟೆ. ಬಾಗಲಕೋಟೆಯ ಘಟಪ್ರಭೆಯೂ ನಮ್ಮ ಭೀಮೆಯೂ ಹೋಗಿ ಸೇರುವುದು ಅದೇ ಕೃಷ್ಣೆಗೆ. ಅಷ್ಟು ಹತ್ತಿರದ ಕತೆ ಇದು.

ಆ ಜೆಲ್ ಸೋಪಿನ ಜಾತಿಯದಲ್ಲ. ವೈರಸ್ಸಿನ ಹೊರಮೈಯ ಧನ ವಿದ್ಯುದಂಶಕ್ಕೆ ತನ್ನ ಋಣ ವಿದ್ಯುದಂಶದಿಂದ ಅಂಟಿಕೊಂಡು, ಅದು ಜೀವಕೋಶಕ್ಕೆ ತಗುಲದಂತೆ ಅಡ್ಡ ನಿಲ್ಲಬೇಕಿತ್ತು. ಎಲ್ಲರಿಗೂ ಕಾಂಡೋಮ್, ಸಮಾಲೋಚನೆ. ಅರ್ಧ ಜನರಿಗೆ ಔಷಧಿಯ ಜೆಲ್, ಇನ್ನರ್ಧ ಜನರಿಗೆ ಔಷಧಿ ಇಲ್ಲದ ಜೆಲ್. ಯಾರದು ಯಾವುದು ಎಂದು ಬಳಸುವವರಿಗೂ ಗೊತ್ತಿರಲಿಲ್ಲ, ಕೊಡುವವರಿಗೂ ಗೊತ್ತಿರಲಿಲ್ಲ. 2007ರ ಜನವರಿಯಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಔಷಧಿಯ ಕಡೆಯೇ ಸೋಂಕು ಹೆಚ್ಚಾಗಿ ಕಾಣುತ್ತಿತ್ತು. ಕೊನೆಯ ಲೆಕ್ಕದಲ್ಲಿ 1,398 ಮಹಿಳೆಯರಲ್ಲಿ 41 ಮಂದಿಗೆ ಹೊಸ ಸೋಂಕು. ಔಷಧಿಯ ಜೆಲ್ ಬಳಸಿದವರಲ್ಲಿ 25, ಇನ್ನೊಂದು ಗುಂಪಿನಲ್ಲಿ 16. ಆ ಅಂತರ ಆಕಸ್ಮಿಕವೂ ಇರಬಹುದು ಎಂದಿತು ಸಂಖ್ಯಾಶಾಸ್ತ್ರ. ಕಾಪಾಡಲಿಲ್ಲ ಎಂಬುದಂತೂ ಖಚಿತವಾಯಿತು. ಅದೇ ಬಗೆಯ ಕ್ಯಾರಗಾರ್ಡ್ ದಕ್ಷಿಣ ಆಫ್ರಿಕಾದಲ್ಲಿ 6,000ಕ್ಕೂ ಹೆಚ್ಚು ಮಹಿಳೆಯರ ನಡುವೆ, ಪ್ರೋ-2000 ಎಂಬ ಜೆಲ್ 9,385 ಮಹಿಳೆಯರ ನಡುವೆ ಪರೀಕ್ಷೆಗೊಳಗಾಗಿ ವಿಫಲವಾದವು.

ಬಾಗಲಕೋಟೆಯಲ್ಲಿ ಆ ಪ್ರಯೋಗಕ್ಕೆ ಸೇರಿದ ಹೆಣ್ಣುಮಕ್ಕಳನ್ನು ನಾವು ನೆನೆಯಬೇಕು. ಒಂದು ಜೆಲ್ ಕೆಲಸ ಮಾಡುವುದಿಲ್ಲ ಎಂದು ಲೋಕಕ್ಕೆ ತಿಳಿದದ್ದು ಅವರ ಮೈಯಿಂದ. ಸೋಂಕು ಬಂದದ್ದು ಜೆಲ್ಲಿನೊಳಗಿಂದಲ್ಲ, ಗಂಡಿನಿಂದ. ಇದನ್ನು ಬಿಡಿಸಿ ಹೇಳದಿದ್ದರೆ ‘ಔಷಧಿ ಹಚ್ಚಿ ರೋಗ ತಂದರು’ ಎಂಬ ಮಾತು ಊರೂರಿಗೆ ಹಬ್ಬುತ್ತದೆ, ಮುಂದಿನ ಯಾವ ಪ್ರಯೋಗಕ್ಕೂ ಹೆಣ್ಣುಮಕ್ಕಳು ಬಾಗಿಲು ತೆರೆಯುವುದಿಲ್ಲ.

“ಹೌದು ಅಕ್ಕಾವರೇ, ತಪ್ಪದೆ ಹಚ್ಚುತ್ತೇನೆ”

ಮುಂದಿನ ಪೀಳಿಗೆಯ ಜೆಲ್ಲಿಗೆ ಎಚ್‌ಐವಿ ಔಷಧಿಯನ್ನೇ ಬೆರೆಸಿದರು. ಟೆನೊಫೊವಿರ್, ನಮ್ಮ ಎಆರ್‌ಟಿ ಗುಳಿಗೆಯಲ್ಲಿ ಇರುವುದೂ ಅದೇ. ಬಾಯಿಯಿಂದ ನುಂಗಿದ್ದಕ್ಕಿಂತ ಜೆಲ್ ಹಚ್ಚಿದಾಗ ಯೋನಿಯ ಒಳಪದರದಲ್ಲಿ ಔಷಧಿಯ ಪ್ರಮಾಣ ನೂರು ಪಟ್ಟಿಗೂ ಮೇಲೆ ಸೇರುತ್ತದೆ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿ 889 ಮಹಿಳೆಯರ ನಡುವೆ ನಡೆದ ಕ್ಯಾಪ್ರಿಸಾ 004 ಪ್ರಯೋಗದ ಫಲಿತಾಂಶ 2010ರ ಜುಲೈಯಲ್ಲಿ ವಿಯೆನ್ನಾದ ಏಡ್ಸ್ ಸಮ್ಮೇಳನದಲ್ಲಿ ಪ್ರಕಟವಾಯಿತು. ಔಷಧಿ ಇಲ್ಲದ ಜೆಲ್ ಬಳಸಿದವರಲ್ಲಿ 60 ಸೋಂಕು, ಔಷಧಿ ಇದ್ದವರಲ್ಲಿ 38. ಶೇ 39ರಷ್ಟು ರಕ್ಷಣೆ. ಚೆನ್ನಾಗಿ ಬಳಸಿದವರಲ್ಲಿ ಶೇ 54. ಇಪ್ಪತ್ತು ವರ್ಷದ ಹುಡುಕಾಟದಲ್ಲಿ ಮೊದಲ ಸಲ ಒಂದು ಜೆಲ್ ಗೆದ್ದಿತ್ತು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆ ಗೆಲುವನ್ನು ಖಚಿತಪಡಿಸಲು ಹೊರಟ ಪ್ರಯೋಗಗಳೇ ಅದನ್ನು ಕೆಡವಿದವು. ದಕ್ಷಿಣ ಆಫ್ರಿಕಾ, ಉಗಾಂಡ ಮತ್ತು ಜಿಂಬಾಬ್ವೆಯ 5,029 ಮಹಿಳೆಯರ ವಾಯ್ಸ್ ಪ್ರಯೋಗದಲ್ಲಿ ಜೆಲ್ಲಿಗಾಗಲಿ ಅದರ ಜೊತೆ ಪರೀಕ್ಷಿಸಿದ ನುಂಗುವ ಗುಳಿಗೆಗಾಗಲಿ ಸೋಂಕು ತಡೆಯಲು ಆಗಲಿಲ್ಲ. ಮಹಿಳೆಯರ ಮಾತು ಮತ್ತು ಅವರು ಹಿಂದಿರುಗಿಸಿದ ಜೆಲ್ ಕೊಳವೆಗಳ ಲೆಕ್ಕದ ಪ್ರಕಾರ ಬಳಕೆ ಶೇ 90ರ ಹತ್ತಿರ. ಜೆಲ್ ಪಡೆದವರ ರಕ್ತದ ಮಾದರಿಗಳಲ್ಲಿ ಔಷಧಿ ಸಿಕ್ಕಿದ್ದು ಶೇ 25ರಲ್ಲಿ ಮಾತ್ರ.

ಈ ಅಂಕಿಯನ್ನು ಮೊದಲ ಬಾರಿ ಓದಿದಾಗ ನನಗೆ ನನ್ನ ಕೊಠಡಿಯೇ ಕಣ್ಣೆದುರು ಬಂತು. ಪ್ರತಿ ತಿಂಗಳು ನಾನು ಕೇಳುವ ಪ್ರಶ್ನೆ, “ತಪ್ಪದೆ ತೆಗೆದುಕೊಳ್ಳುತ್ತಿದ್ದೀಯಾ?” ಬರುವ ಉತ್ತರ, “ಹೌದು ಅಕ್ಕಾವರೇ.” ಆ ‘ಹೌದು’ ಎಷ್ಟೋ ಸಲ ನನ್ನ ಮೇಲಿನ ಗೌರವ, ಔಷಧಿ ನುಂಗಿದ್ದರ ಲೆಕ್ಕವಲ್ಲ. ಬೈಯುತ್ತಾಳೆ ಎಂಬ ಅಂಜಿಕೆ, ಇವಳ ಮನಸ್ಸು ನೋಯಿಸುವುದು ಬೇಡ ಎಂಬ ಕನಿಕರ, ಮುಂದಿನ ತಿಂಗಳು ಕೊಡದೆ ಕಳಿಸಿಬಿಟ್ಟಾಳು ಎಂಬ ಲೆಕ್ಕಾಚಾರ, ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿರುತ್ತವೆ. ಆ ದೇಶಗಳ ಮಹಿಳೆಯರು ಸುಳ್ಳುಗಾರ್ತಿಯರು ಎಂದು ಬರೆದವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕೇಳುವ ರೀತಿಯೇ ‘ಹೌದು’ ಎನ್ನಿಸುವಂತಿದ್ದರೆ ತಪ್ಪು ಕೇಳುವವರದು.

ಜೆಲ್ ಹಚ್ಚಲು ಏಕೆ ಆಗುವುದಿಲ್ಲ ಎಂಬುದನ್ನು ಅದೇ ಜೆಲ್ಲಿನ ಫ್ಯಾಕ್ಟ್ಸ್ 001 ಪ್ರಯೋಗದ 2015ರ ಫಲಿತಾಂಶ ಇನ್ನಷ್ಟು ತೆರೆದು ತೋರಿಸಿತು. ದಕ್ಷಿಣ ಆಫ್ರಿಕಾದ 2,059 ಮಹಿಳೆಯರು, ಬಹುಪಾಲು ಹರೆಯದವರು, ಹೆಚ್ಚಿನವರು ತಂದೆ ತಾಯಿ ಒಡಹುಟ್ಟಿದವರ ಜೊತೆ ಒಂದೇ ಮನೆಯಲ್ಲಿದ್ದವರು. ಕೂಡುವ ಮೊದಲು 12 ಗಂಟೆಯೊಳಗೆ ಒಮ್ಮೆ, ಆಮೇಲೆ 12 ಗಂಟೆಯೊಳಗೆ ಒಮ್ಮೆ ಜೆಲ್ ಹಚ್ಚಬೇಕಿತ್ತು. ಹೇಳಿದಂತೆ ಪ್ರತಿ ಸಲ ಹಚ್ಚಲು ಆದವರು ಬಹಳ ಕಡಿಮೆ. ಇದನ್ನು ಹೇಳಿ ಮುಗಿಸುವ ಮೊದಲೇ ಆಕೆ ನಕ್ಕುಬಿಟ್ಟಳು. “ಸೀರೆಯ ಆ ಕಡೆ ಅತ್ತೆ ಕೆಮ್ಮುತ್ತಿರುವಾಗ ಕೊಳವೆ ಹಿಡಿದು ನಾನು ಎಲ್ಲಿಗೆ ಹೋಗಲಿ? ನನ್ನ ಮನೆಯವರು ಯಾವಾಗ ಬರುತ್ತಾರೆ ಅಂತ ಫೋನ್ ಮಾಡಿ ಬರುವವರೇ ಅಲ್ಲ.” ನೂರಾರು ವಿಜ್ಞಾನಿಗಳಿಗೆ ಹದಿನೈದು ವರ್ಷದಲ್ಲಿ ಹೊಳೆದದ್ದು ಆಕೆಗೆ ಒಂದು ನಿಮಿಷದಲ್ಲಿ ಹೊಳೆಯಿತು. ಜೆಲ್ಲಿನ ರಸಾಯನಶಾಸ್ತ್ರವನ್ನು ಕೊನೆಗೆ ಗೆದ್ದರು, ಒಂದೇ ಕೋಣೆಯ ಮನೆಯನ್ನು ಗೆಲ್ಲಲಿಲ್ಲ. ಉತ್ಪನ್ನದ ಕೆಲಸ ಬಚ್ಚಲಿಗೆ ಚಿಲಕವಿದೆಯೇ ಎಂಬ ಪ್ರಶ್ನೆಯಿಂದ ಶುರುವಾಗಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತೋ ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಮಗುವಿನ ಬಳೆಯಷ್ಟು

ಪ್ರತಿ ಸಲ ಹಚ್ಚುವ ಈ ತೊಡಕು ಇಲ್ಲದ್ದು ಡಪಿವಿರಿನ್ ಉಂಗುರ. ಮಗುವಿನ ಬಳೆಯಷ್ಟಿರುವ ಮೆತ್ತನೆಯ ಸಿಲಿಕೋನ್ ಉಂಗುರ, ಒಳಗೆ 25 ಮಿಲಿಗ್ರಾಂ ಔಷಧಿ. ಹೆಣ್ಣು ತಾನೇ ಒಳಗಿಟ್ಟುಕೊಂಡರೆ ಒಂದು ತಿಂಗಳು ನಿಧಾನವಾಗಿ ಔಷಧಿ ಒಸರುತ್ತದೆ. ಬಸಿರು ತಡೆಯುವುದಿಲ್ಲ. 2016ರಲ್ಲಿ ಬಂದ ಎರಡು ದೊಡ್ಡ ಪ್ರಯೋಗಗಳಲ್ಲಿ ರಕ್ಷಣೆ ಒಂದರಲ್ಲಿ ಶೇ 27, ಇನ್ನೊಂದರಲ್ಲಿ ಶೇ 31. ಮೊದಲನೆಯದರಲ್ಲಿ 21 ವರ್ಷ ದಾಟಿದವರಲ್ಲಿ ಶೇ 56, ಅದಕ್ಕಿಂತ ಚಿಕ್ಕವರಲ್ಲಿ ಪ್ರಯೋಜನ ಕಾಣಲಿಲ್ಲ. 2021ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಚ್ಚು ಅಪಾಯದಲ್ಲಿರುವ ಮಹಿಳೆಯರಿಗೆ ಇದನ್ನು ಇತರ ತಡೆಗಳ ಜೊತೆ ಒಂದು ಆಯ್ಕೆಯಾಗಿ ಕೊಡಬಹುದು ಎಂದು ಶಿಫಾರಸು ಮಾಡಿತು. ಆಫ್ರಿಕಾದ ಹಲವು ದೇಶಗಳು ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಸಲ್ಲಿಸಿದ್ದ ಅರ್ಜಿಯನ್ನು 2021ರ ಕೊನೆಗೆ ಹಿಂದಕ್ಕೆ ಪಡೆದರು.

ಕಾಗದದ ಮೇಲೆ ಉಂಗುರದ ಅಳತೆಯ ವೃತ್ತ ಬರೆದು ತೋರಿಸಿದೆ. ಆಕೆ ತನ್ನ ಕೈಬಳೆಯನ್ನು ಅದರ ಮೇಲಿಟ್ಟು ನೋಡಿದಳು.

“ಇದು ಸಾಕು. ಇದು ಎಲ್ಲಿ ಸಿಗುತ್ತದೆ?”

ಯಾದಗಿರಿಯಲ್ಲಿ ಇಲ್ಲ, ಕಲಬುರಗಿಯಲ್ಲಿ ಇಲ್ಲ, ನಮ್ಮ ದೇಶದ ಔಷಧಿ ಅಂಗಡಿಯಲ್ಲೇ ಇಲ್ಲ. ಆ ಮಾತನ್ನು ಹೇಳುವುದು ಮೊದಲ ದಿನದ ‘ಇಲ್ಲ’ಕ್ಕಿಂತ ಕಷ್ಟವಾಯಿತು.

ಮಾಡಿದ್ದು

ಇದ್ದದ್ದರಲ್ಲಿ ಏನು ಮಾಡಬಹುದೋ ಅದನ್ನು ಮಾಡಿದೆವು. ತೊಳೆಯುವುದನ್ನು ಅಂದೇ ನಿಲ್ಲಿಸಿದಳು. ಸೋಂಕು ಬರುವ ಮೊದಲೇ ಪ್ರತಿದಿನ ನುಂಗುವ ತಡೆಗುಳಿಗೆಯ ಬಗ್ಗೆ ವೈದ್ಯರ ಜೊತೆ ಮಾತಾಡಿದೆ. ಮೂತ್ರಪಿಂಡ ಮತ್ತು ಹೆಪಟೈಟಿಸ್-ಬಿ ಪರೀಕ್ಷೆ ಮಾಡಿಸಿ, ವೈದ್ಯರ ಚೀಟಿಯ ಮೇಲೆ ಕಲಬುರಗಿಯಿಂದ ತರಿಸಿದೆವು. ನುಂಗಿದ ಔಷಧಿ ಯೋನಿಯ ಒಳಪದರಕ್ಕೆ ಸೇರುವುದು ಕಡಿಮೆಯಾದ್ದರಿಂದ ಹೆಂಗಸರು ಒಂದು ದಿನವೂ ಬಿಡುವಂತಿಲ್ಲ. ಎಲ್ಲಿಡುತ್ತೀಯಾ ಎಂದು ಕೇಳಿದೆ. “ರಕ್ತ ಹೆಚ್ಚುವ ಗುಳಿಗೆಯ ಡಬ್ಬಿಯಲ್ಲಿ. ಅದನ್ನು ಅತ್ತೆಯೇ ದಿನಾ ನೆನಪು ಮಾಡಿ ನುಂಗಿಸುತ್ತಾರೆ” ಎಂದಳು.

ಆ ಮೇಲೆ ‘ತಪ್ಪದೆ ತೆಗೆದುಕೊಳ್ಳುತ್ತಿದ್ದೀಯಾ’ ಎಂದು ಕೇಳುವುದನ್ನು ನಾನು ಬಿಟ್ಟೆ. “ಈ ತಿಂಗಳು ಯಾವ ಯಾವ ದಿನ ತಪ್ಪಿತು ತಂಗಿ?” ಎಂದು ಕೇಳಿದೆ. ಮೊದಲ ತಿಂಗಳು ಆರು ದಿನ ಎಂದಳು. ಜಾತ್ರೆಗೆ ಹೋದಾಗ ನಾಲ್ಕು, ಮಗಳಿಗೆ ಜ್ವರ ಬಂದಾಗ ಎರಡು. ಅದು ನಿಜವಾದ ಉತ್ತರ. ನಿಜ ಸಿಕ್ಕಿದ್ದರಿಂದಲೇ ಸೀರೆಯ ಗಂಟಿನಲ್ಲಿ ನಾಲ್ಕು ಗುಳಿಗೆ ಕಟ್ಟಿಕೊಂಡು ಹೋಗುವ ಉಪಾಯ ಮಾಡಲು ಸಾಧ್ಯವಾಯಿತು.

ಇನ್ನೊಂದು ಕೆಲಸ ಗಂಡನದು. ಮೂರು ಸಲ ಹೇಳಿ ಕಳಿಸಿದ ಮೇಲೆ ಬಂದ. ತಲೆ ತಗ್ಗಿಸಿ ಕುಳಿತಿದ್ದ. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ವಿಷಯ ಹೇಳಿದೆ. ಪುಣೆ ಮತ್ತು ಚೆನ್ನೈಯ ದಂಪತಿಗಳೂ ಅದರಲ್ಲಿದ್ದರು. ಸೋಂಕಿತರು ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ಕಡಿಮೆಯಾಗಿತ್ತು. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಕೂಡುವುದರಿಂದ ಅದು ಇನ್ನೊಬ್ಬರಿಗೆ ಹರಡುವುದಿಲ್ಲ ಎಂದು ಮುಂದಿನ ಅಧ್ಯಯನಗಳು ತೋರಿಸಿವೆ. “ಹಾಗಾದರೆ ಮೇಡಂ, ನಾನು ಗುಳಿಗೆ ನುಂಗಿದರೆ ಅವಳಿಗೆ ಏನೂ ಆಗುವುದಿಲ್ಲವೇ?” ಎಂದು ತಲೆ ಎತ್ತಿದ. ಅಲ್ಲಿಯವರೆಗೆ ಗುಳಿಗೆ ತನಗಾಗಿ ಎಂದಷ್ಟೇ ಅವನಿಗೆ ಹೇಳಿದ್ದರು. ಚಿಕಿತ್ಸೆ ಮತ್ತೆ ಶುರುವಾಯಿತು. ಪುಣೆಯಲ್ಲಿ ಅವನು ಇರುವಲ್ಲಿಗೆ ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ಕಾಗದಪತ್ರ ಮಾಡಿಸಿಕೊಟ್ಟೆವು. 2024ರ ಆಗಸ್ಟ್‌ನಲ್ಲಿ ಒಮ್ಮೆ, 2025ರ ಫೆಬ್ರುವರಿಯಲ್ಲಿ ತೊಗರಿ ರಾಶಿ ಮುಗಿಸಿ ಬಂದು ಇನ್ನೊಮ್ಮೆ ಪರೀಕ್ಷಿಸಿದಾಗ ವೈರಸ್ ಪತ್ತೆಯಾಗಲಿಲ್ಲ. ವೈದ್ಯರು ಆಕೆಯ ಗುಳಿಗೆ ನಿಲ್ಲಿಸಿದರು. ಆಕೆಯ ಎಲ್ಲ ಪರೀಕ್ಷೆಗಳಲ್ಲೂ ಸೋಂಕು ಇಲ್ಲ.

2025ರ ನಾಗರಪಂಚಮಿ ಕಳೆದ ಮೇಲೆ ಆಕೆ ಮತ್ತೆ ಬಂದಳು, ಐದು ತಿಂಗಳ ಬಸುರಿ. ಒಬ್ಬಳೇ ಇರಲಿಲ್ಲ. ತವರಿನಲ್ಲಿ ಪಂಚಮಿಯ ಜೋಕಾಲಿ ಆಡುವಾಗ ಬಾಲ್ಯದ ಗೆಳತಿ ಸಿಕ್ಕಿದ್ದಳಂತೆ. ಗೆಳತಿಯ ಗಂಡ ಹೈದರಾಬಾದಿಗೆ ಗುಳೆ ಹೋದವನು, ಬಂದಾಗಲೆಲ್ಲ ಮೈಯಲ್ಲಿ ಒಂದಲ್ಲ ಒಂದು ಬೇನೆ. ಪರೀಕ್ಷೆ ಎಂದರೆ ಹೊಡೆಯಲು ಬರುತ್ತಾನೆ.

ಗೆಳತಿ ಬಾಗಿಲ ಹತ್ತಿರವೇ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. ಆಕೆ ಕೈ ಹಿಡಿದು ಒಳಗೆ ಕರೆತಂದು ನನ್ನ ಎದುರಿನ ಕುರ್ಚಿಯಲ್ಲಿ ಕೂರಿಸಿದಳು.

“ಅಕ್ಕಾವರೇ, ನನ್ನ ಮನೆಯವರು ಗುಳಿಗೆ ನುಂಗಿದರು, ನಾನು ಉಳಿದೆ. ಇವಳ ಗಂಡ ನುಂಗುವವನಲ್ಲ. ಅವತ್ತು ನಾನು ಕೇಳಿದ್ದನ್ನೇ ಇವಳೂ ಕೇಳುತ್ತಾಳೆ. ಇವಳಿಗೂ ಆ ಬಳೆಯ ಚಿತ್ರ ತೋರಿಸಿರಿ.”

ಆರು ತಿಂಗಳಿಗೊಮ್ಮೆ ಹಾಕುವ ಲೆನಕಾಪವಿರ್ ಎಂಬ ಚುಚ್ಚುಮದ್ದಿಗೆ ಆ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿತ್ತು. ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ ಅದನ್ನು ಪಡೆದ 2,134 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ಸೋಂಕು ಬಂದಿರಲಿಲ್ಲ. ಅದೂ ನಮ್ಮ ಕೇಂದ್ರದ ಕಪಾಟಿಗೆ ಬಂದಿರಲಿಲ್ಲ. ಗೆಳತಿಯ ರಕ್ತ ಪರೀಕ್ಷೆಗೆ ಚೀಟಿ ಬರೆದೆ. ಬಾಗಿಲು ಹಾಕಿಕೊಂಡೆ. ಒಂದು ಕಾಗದ ತೆಗೆದುಕೊಂಡು ವೃತ್ತ ಬರೆದೆ.

“ಮೊದಲು ಹೇಳು ತಂಗಿ, ನಿನ್ನ ಮನೆ ಹೇಗಿದೆ?”